ಹೊರಗ ಕುಂತಾಕಿ

ನಮ್ಮ ಶಾಲೆಯ ಫುಟ್‌ಬಾಲ್ ಚೀಲದಲ್ಲಿ ಚೆಂಡು, ಪಂಪು, ಜೋಡಿ ತಪ್ಪಿದ ಕಾಲುಚೀಲಗಳ ನಡುವೆ ಒಂದು ಹಸಿರು ಕುಬಸದ ಖಣ ಇದೆ. ಕೆಂಪು ಅಂಚಿನದು. ಮಡಿಕೆಯನ್ನು ಇನ್ನೂ ಯಾರೂ ಬಿಚ್ಚಿಲ್ಲ, ಅಂಗಡಿಯ ಚೀಟಿ ಕೂಡ ಮೂಲೆಯಲ್ಲಿ ಅಂಟಿಕೊಂಡೇ ಇದೆ. ಪಂಪಿಗೆಂದು ಕೈ ಹಾಕಿದಾಗೆಲ್ಲ ಮೊದಲು ಸಿಗುವುದು ಅದೇ. ಹೊಸದಾಗಿ ಟೀಮಿಗೆ ಸೇರಿದ ಹುಡುಗಿಯರು "ಟೀಚರ್, ಇದ್ಯಾಕ ಇಲ್ಲಿ ಅದ?" ಎಂದು ಕೇಳಿದರೆ ನಾನು "ಚೆಂಡು ಒರಸ್ಲಿಕ್ಕೆ" ಅನ್ನುತ್ತೇನೆ. ಇಷ್ಟು ದಿನವಾದರೂ ಅದರಿಂದ ಒಂದು ಚೆಂಡನ್ನೂ ಯಾರೂ ಒರೆಸಿಲ್ಲ. ಇಷ್ಟು ವರ್ಷ ಕನ್ನಡ ಕಲಿಸಿದವಳು ನಾನು, ಸುಳ್ಳನ್ನಾದರೂ ಇನ್ನಷ್ಟು ಚಂದ ಹೇಳಬಹುದಿತ್ತು.

ಖಣದ ಕತೆ ಹೇಳಬೇಕೆಂದರೆ ಫುಟ್‌ಬಾಲಿನಿಂದ ಶುರು ಮಾಡಬೇಕು. ತೊಂದರೆ ಏನೆಂದರೆ ನನಗೆ ಫುಟ್‌ಬಾಲ್ ಗೊತ್ತಿಲ್ಲ. ನಾನು ಇರುವುದು ಸೇಡಮ್ಮಿನಲ್ಲಿ. ಕಲಿಸುವುದು ಮಳಖೇಡದ ಕಡೆಗೆ ಹೋಗುವ ದಾರಿಯಲ್ಲಿ ಕಾಗಿಣಾ ದಂಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ಅಲ್ಲಿ ಆಟ ಕಲಿಸುವ ಮಾಸ್ತರರು ವರ್ಗವಾಗಿ ಹೋದರು, ಬದಲಿಗೆ ಯಾರೂ ಬರಲಿಲ್ಲ. ಇರುವ ಒಬ್ಬಳೇ ಹೆಣ್ಣು ಟೀಚರ್ ನಾನು. ಒಂದು ದಿನ ಹೆಡ್‌ಮಾಸ್ತರರು ನನ್ನನ್ನು ಕರೆದು ಕೊರಳಿಗೆ ಒಂದು ಸೀಟಿ ಹಾಕಿದರು.

"ಹೆಣ್ಣುಮಕ್ಕಳ ಟೀಮ್ ಅದರಿ ಟೀಚರ್. ಸಂಗಾಟ ಹೆಣ್ಣು ಟೀಚರೇ ಹೋಗ್ಬೇಕು. ನೀವು ಛಂದಸ್ಸು ಕಲಿಸೋರು. ಗಣ ಹಾಕೋರಿಗೆ ಹನ್ನೊಂದು ಮಂದಿನ್ನ ಹಾಕೋದು ಏನ್ ಮಹಾ?"

"ಸರ್, ನನಗ ಗುರು ಲಘು ಗೊತ್ತದ. ಗೋಲ್ ಗೊತ್ತಿಲ್ಲ."

"ಟಿವಿ ನೋಡ್ರಿ. ಈಗ ಹೆಂಗಸರ ವಿಶ್ವಕಪ್ ನಡದದ. ಕಲೀತೀರಿ."

ಹೀಗೆ ನಾನು ಇಡೀ ಜಗತ್ತಿನ ಹೆಂಗಸರ ಫುಟ್‌ಬಾಲನ್ನು ಸೇಡಮ್ಮಿನ ನಮ್ಮ ಮನೆಯ ಪಡಸಾಲೆಯಲ್ಲಿ, ನಮ್ಮ ಅತ್ತೆಯವರ ಪಕ್ಕದಲ್ಲಿ ಕೂತು ಕಲಿಯಲು ಶುರು ಮಾಡಿದೆ. ಆಟ ನಡೆದದ್ದು ಎಲ್ಲೋ ಮೂಡಣ ದೇಶದಲ್ಲಿ. ಅಲ್ಲಿ ದೀಪ ಹಚ್ಚುವ ಹೊತ್ತಿಗೆ ನಮಗೆ ಮಧ್ಯಾಹ್ನ. ನಾನು ನೋಡುತ್ತಿದ್ದುದು ಶನಿವಾರ ರವಿವಾರ ಮಾತ್ರ. ಉಳಿದ ದಿನ ನನ್ನ ಬದಲು ಅತ್ತೆಯವರೇ ನೋಡಿ, ನಾನು ಸಂಜೆ ಚಪ್ಪಲಿ ಬಿಡುವ ಮೊದಲೇ ವರದಿ ಒಪ್ಪಿಸುತ್ತಿದ್ದರು. ಮೊದಮೊದಲು ತಮ್ಮ ಧಾರಾವಾಹಿ ತಪ್ಪಿತೆಂದು ಗೊಣಗುತ್ತಿದ್ದವರು ಎಂಟು ದಿನದೊಳಗೆ ಧಾರಾವಾಹಿಯನ್ನೇ ಮರೆತರು.

ಆಟಗಾರ್ತಿಯರ ಹೆಸರು ನಮ್ಮಿಬ್ಬರ ನಾಲಿಗೆಗೂ ಹೊರಳಲಿಲ್ಲ. ಯಾವ ದೇಶ ಯಾವುದೆಂದೂ ಸರಿಯಾಗಿ ತಿಳಿಯಲಿಲ್ಲ. ಹಳದಿ ಅಂಗಿಯವರು, ನೀಲಿ ಅಂಗಿಯವರು, ಅಷ್ಟೇ. ಮರುದಿನ ಹಳದಿಯವರೇ ಬಿಳಿ ಅಂಗಿ ತೊಟ್ಟು ಬಂದರೆ ನಮಗೆ ಹೊಸ ದೇಶವೇ ಹುಟ್ಟಿದಂತಾಗುತ್ತಿತ್ತು. ಅತ್ತೆಯವರು ಮಾತ್ರ ಎಲ್ಲರನ್ನೂ ಕೂದಲಿನ ಮೇಲೆ ಗುರುತಿಟ್ಟಿದ್ದರು. ಒಬ್ಬಳು ಜಡಿಯಾಕಿ, ಒಬ್ಬಳು ಗುಂಗುರಾಕಿ.

"ಕೈಯಾಗ ಬಳಿ ಇಲ್ಲ, ಕಾಲಾಗ ಗೆಜ್ಜಿ ಇಲ್ಲ. ಆದ್ರ ಜಡಿ ಎಷ್ಟ ಬಿಗಿ ಹಾಕ್ಯಾರ ನೋಡು. ಇವರ ತಾಯಂದ್ರು ಚಲೋ ಮಂದಿ ಅದಾರ" ಎಂದು ಅವರು ಸರ್ಟಿಫಿಕೇಟು ಕೊಟ್ಟರು.

ನನ್ನ ಗೊಂದಲ ಹೇಳತೀರದು. ಅರ್ಧ ಆಟ ಮುಗಿದು ನಾನು ಚಹಾ ಮಾಡಿ ತರುವಷ್ಟರಲ್ಲಿ ಎರಡೂ ಕಡೆಯವರು ಬದಿ ಬದಲಿಸಿರುತ್ತಿದ್ದರು. ಅದು ತಿಳಿಯದೆ ಒಂದು ಶನಿವಾರ ಎದುರಾಳಿಗಳ ಗೋಲಿಗೆ ಎದ್ದು ನಿಂತು ಚಪ್ಪಾಳೆ ಹೊಡೆದೆ. ಇನ್ನೊಂದು ದಿನ ಟಿವಿಯೊಳಗಿನ ಸೀಟಿಯನ್ನೂ ಕುಕ್ಕರಿನ ಸೀಟಿಯನ್ನೂ ಸೇರಿಸಿ ಎಣಿಸಿ, ಮೂರಾಯಿತೆಂದು ಗ್ಯಾಸು ಆರಿಸಿದೆ. ಆ ರಾತ್ರಿ ಮನೆಯವರೆಲ್ಲ ಬೇಯದ ತೊಗರಿಬೇಳೆ ಉಂಡರು. ತೊಗರಿ ಬೆಳೆಯುವ ನಾಡಿನಲ್ಲಿ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಎಲ್ಲಕ್ಕಿಂತ ತಲೆ ಕೆಡಿಸಿದ್ದು ಆ ಬಾವುಟ. ಚೆಂಡು ಬಲೆಯೊಳಗೆ ಬಿದ್ದಿದೆ, ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದಾರೆ, ಅಷ್ಟರಲ್ಲಿ ಗೆರೆಯ ಮೇಲೆ ನಿಂತ ಒಬ್ಬಾಕೆ ಬಾವುಟ ಎತ್ತುತ್ತಾಳೆ, ಗೋಲು ಗೋಲೇ ಅಲ್ಲವಂತೆ. "ಆಗಿದ್ದು ಆಗಿಲ್ಲ ಅಂತ ಹ್ಯಾಂಗ ಅಂತಾರ?" ಎಂದು ಅತ್ತೆಯವರು ನನ್ನನ್ನು ಕೇಳಿದರು. ನಾನು ಮೊಬೈಲಿನಲ್ಲಿ ನಿಯಮ ಓದಿ ಹೇಳಲು ಹೋಗಿ ಇಬ್ಬರನ್ನೂ ಇನ್ನಷ್ಟು ಕೆಡಿಸಿದೆ. ಕೊನೆಗೆ ಅವರೇ ತೀರ್ಮಾನ ಮಾಡಿದರು: "ಗೆರಿ ಮ್ಯಾಲಿನಾಕಿ ಬಾವುಟ ಎತ್ತಿದ್ರ ಆಟ ನಿಂತು. ಎತ್ತಲಿಲ್ಲ ಅಂದ್ರ ಓಡ್ಕೋತ ಹೋಗ್ಬೇಕು. ಇಷ್ಟು ತಿಳಕೊ, ಸಾಕು."

ಇನ್ನೊಂದು ಪ್ರಶ್ನೆ ಅವರು ಕೇಳಿದ್ದು ಮೊದಲನೆಯ ವಾರದಲ್ಲೇ. ಮೈದಾನದ ಅಂಚಿನಲ್ಲಿ ಏಳೆಂಟು ಆಟಗಾರ್ತಿಯರು ಸಾಲಾಗಿ ಕೂತಿದ್ದರು. ಎಲ್ಲರ ಮೈಮೇಲೂ ಬೇರೆ ಬಣ್ಣದ ತೋಳಿಲ್ಲದ ಅಂಗಿ. ಅತ್ತೆಯವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಇವರು ಹೊರಗ ಕುಂತಾರೇನು?"

"ಹೌದ್ರಿ."

"ಎಲ್ಲಾರೂ ಒಮ್ಮಿಗೇ?"

ನನಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಅವರು ಮುಂದುವರಿಸಿದರು: "ಅದಕ್ಕೇ ಅರಿವಿ ಬ್ಯಾರೆ ಕೊಟ್ಟಾರ. ನೀರಿನ ಬಾಟ್ಲಿನೂ ಬ್ಯಾರೆ ಇಟ್ಟಾರ. ಪಾಪ, ಅಷ್ಟು ದೂರದ ದೇಶದಾಗೂ ಇದು ಬಿಟ್ಟಿಲ್ಲ ನೋಡು."

ಬಾಯಲ್ಲಿದ್ದ ಚಹಾ ಮೂಗಿಗೆ ಏರುವಷ್ಟು ನಕ್ಕೆ. ಅಲ್ಲ, ಇವರು ಬದಲಿ ಆಟಗಾರ್ತಿಯರು, ಯಾರಾದರೂ ದಣಿದರೆ ಇವರು ಒಳಗೆ ಹೋಗುತ್ತಾರೆ ಎಂದು ಬಿಡಿಸಿ ಹೇಳಿದೆ. ಅವರೂ ನಕ್ಕರು. ಅಂದಿನಿಂದ ನಮ್ಮ ಮನೆಯಲ್ಲಿ ಬದಲಿ ಆಟಗಾರ್ತಿ ಎಂದರೆ "ಹೊರಗ ಕುಂತಾಕಿ". ಆ ಮಾತು ನನ್ನ ನಾಲಿಗೆಗೂ ಹತ್ತಿತು, ನಾಲಿಗೆಯಿಂದ ಶಾಲೆಗೂ ಹೋಯಿತು. "ಇವತ್ತ ಯಾರಿಗೆ ಹೊರಗ ಕೂಡಸ್ತೀರಿ ಟೀಚರ್?" ಎಂದು ನಮ್ಮ ಹುಡುಗಿಯರು ಕಿಸಕ್ಕನೆ ನಗುತ್ತ ಕೇಳುತ್ತಿದ್ದರು.

ನಕ್ಕೆನೇನೋ ಸರಿ. ಆದರೆ ಆ ಮಾತಿನಲ್ಲಿ ನಗುವಂಥದ್ದು ನನಗೆ ಮೊದಲು ಇರಲಿಲ್ಲ. ನಾನು ಹುಟ್ಟಿ ಬೆಳೆದದ್ದು ವಾಡಿ ಜಂಕ್ಷನ್ನಿನಲ್ಲಿ. ನಮ್ಮ ಮನೆಯ ಹಿತ್ತಲಲ್ಲಿ, ಬಚ್ಚಲಿನ ಗೋಡೆಗೆ ಹತ್ತಿ, ಒಂದು ಶಹಾಬಾದ ಕಲ್ಲಿನ ಪರಸಿ ಹಾಸಿದ್ದರು. ಅದು ತಿಂಗಳಿಗೆ ಮೂರು ದಿನ ಹೊರಗಾದವರು ಕೂಡುವ ಜಾಗ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಕೂತರೆ ಎಲುಬಿಗೇ ಹತ್ತುವ ಥಂಡಿ. ತಾಟು ಬೇರೆ, ತಂಬಿಗೆ ಬೇರೆ. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ನಮ್ಮ ಖೋಖೋ ಟೀಮು ಜಿಲ್ಲೆಯ ಆಟಕ್ಕೆ ಆಯ್ಕೆಯಾಯಿತು. ಈಗ ನನ್ನನ್ನು ನೋಡಿದರೆ ನೀವು ನಂಬುವುದಿಲ್ಲ, ಆಗ ಓಟದಲ್ಲಿ ನನ್ನನ್ನು ಮುಟ್ಟುವವರು ಇರಲಿಲ್ಲ. ಹೊರಡುವ ದಿನ ಬೆಳಿಗ್ಗೆಯೇ ಹೊರಗಾದೆ. ಅವ್ವ ಕಲ್ಲಿನ ಕಡೆಗೆ ಕೈ ತೋರಿಸಿದಳು. ಟೀಮು ಹೋಗುವ ಪ್ಯಾಸೆಂಜರು ಗಾಡಿ ನಮ್ಮ ಹಿತ್ತಲಿನ ಆಚೆಯೇ ಹಾಯ್ದು ಹೋಯಿತು. ಕಲ್ಲಿನ ಮೇಲೆ ಕೂತು ಡಬ್ಬಿಗಳನ್ನು ಎಣಿಸಿದೆ. ಅಳು ಬಂತು. "ಹೊಟ್ಟಿ ನೋಯ್ಲಿಕತ್ತದೇನು?" ಎಂದು ಅವ್ವ ಕೇಳಿದಳು. ಹೂಂ ಅಂದೆ. ಮರುವರ್ಷ ಟೀಮಿಗೆ ನನ್ನನ್ನು ಯಾರೂ ಕರೆಯಲಿಲ್ಲ.

ಈಗ ಭಾಗುವಿನ ವಿಷಯಕ್ಕೆ ಬರುತ್ತೇನೆ. ಭಾಗ್ಯಶ್ರೀ ಆಗ ಒಂಬತ್ತನೆಯ ತರಗತಿ. ಬರೆಯುವುದು ಬಲಗೈಯಲ್ಲಿ, ಚೆಂಡು ಒದೆಯುವುದು ಎಡಗಾಲಲ್ಲಿ. ಅಪ್ಪ ಅವ್ವ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು, ಹುಡುಗಿ ಊರಲ್ಲಿ ಅಜ್ಜಿ ಚಂದಮ್ಮನ ಹತ್ತಿರ ಇದ್ದಳು. ಚಂದಮ್ಮನನ್ನು ಶಾಲೆಯವರೆಲ್ಲ ಆಯಿ ಎಂದೇ ಕರೆಯುತ್ತೇವೆ. ಆಯಿಯ ಮಗಳು ನಿಂಗಮ್ಮನನ್ನು ಕಾಳಗಿಗೆ ಕೊಟ್ಟಿದೆ. ನಿಂಗಮ್ಮನಿಗೆ ತನ್ನ ಮಗನಿಗೆ ಭಾಗುವನ್ನೇ ತಂದುಕೊಳ್ಳುವ ಹಟ. ಭಾಗುವಿನ ಅಪ್ಪನೂ ತಂಗಿಯ ಮಾತಿಗೆ ತಲೆದೂಗಿಬಿಟ್ಟಿದ್ದ. ಕಾಯ್ದೆ ಇದೆ ಎಂದರೆ, "ಲಗ್ನ ಯಾರ್ ಮಾಡ್ತಾರ್ರಿ ಈಗ? ಪೋರಿ ದೊಡ್ಡಾಕಿ ಆದ ಕೂಡ್ಲೆ ಮಾತು ಗಟ್ಟಿ ಮಾಡಿ, ಸಾಲಿ ಬಿಡಿಸಿ ನಮ್ಮನಿಗಿ ಕರ್ಕೊಂಡು ಹೋಗ್ತೀವಿ" ಎನ್ನುತ್ತಿದ್ದಳು. ಟೀಮಿಗೆ ಕಳಿಸಿ ಎಂದು ನಾನು ಕೇಳಲು ಹೋದಾಗ ಆಯಿ ಎಲ್ಲರೆದುರು ಒಂದೇ ಮಾತು ಹೇಳಿದ್ದಳು: "ದೊಡ್ಡಾಕಿ ಆಗೋತನಕ ಆಡ್ಲಿ. ಆಮ್ಯಾಲ ಇಲ್ಲ."

ಜಿಲ್ಲೆಯ ಆಟ ಚಿತ್ತಾಪುರದಲ್ಲಿ ಇತ್ತು. ಬೆಳಿಗ್ಗೆ ಶಹಾಬಾದದ ಹುಡುಗಿಯರ ಜೊತೆ, ಗೆದ್ದರೆ ಮಧ್ಯಾಹ್ನ ಚಿಂಚೋಳಿಯವರ ಜೊತೆ. ಬಸ್ಸಿನಲ್ಲೇ ಭಾಗು ಸಪ್ಪಗಿದ್ದಳು. ಮೈದಾನಕ್ಕೆ ಇಳಿದ ಮೇಲೆ ಹತ್ತಿರ ಬಂದು "ಟೀಚರ್, ಹೊಟ್ಟಿ ನೋಯ್ಲಿಕತ್ತದ" ಅಂದಳು. ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದದ್ದನ್ನು ನಾನು ನೋಡಿದ್ದೆ. ಬುದ್ಧಿವಾದ ಹೇಳಿ ಬದಲಿಯವರ ಜೊತೆ ಕೂಡಿಸಿದೆ. ಅಲ್ಲಿ ಬೆಂಚು ಎಂದರೆ ಎರಡು ಗುಂಡುಗಲ್ಲಿನ ಮೇಲೆ ಅಡ್ಡ ಇಟ್ಟ ಒಂದು ಶಹಾಬಾದ ಪರಸಿ. ನಾನೂ ಒಂದು ಹೆಣ್ಣು, ನಾನೂ ಹಿಂದೊಮ್ಮೆ ಅಂಥದೇ ಕಲ್ಲಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತವಳು. ಆದರೂ ನನಗೆ ಹೊಳೆದದ್ದು ಭಜಿ ಮಾತ್ರ. ತಲೆಯ ತುಂಬ ಹನ್ನೊಂದು ಹೆಸರು ಬರೆಯುವ ಗಡಿಬಿಡಿ ತುಂಬಿತ್ತು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಆಯಿಯ ಫೋನು ಬಂತು.

"ಟೀಚರ್, ನಮ್ಮ ಪೋರಿ ಹ್ಯಾಂಗ ಆಡ್ಲಿಕತ್ತಾಳ್ರಿ?"

ಗದ್ದಲದಲ್ಲಿ ನಾನು ಒದರಿ ಹೇಳಿದೆ: "ಇವತ್ತ ಆಡ್ಲಿಕತ್ತಿಲ್ಲ ಆಯಿ. ಹೊಟ್ಟಿ ನೋಯ್ತದ ಅಂದಳು. ಹೊರಗ ಕೂಡ್ಸೀನಿ."

ಆಮೇಲೆ ಫೋನು ಕಟ್ಟಾಯಿತು. ಸಿಗ್ನಲ್ ಇಲ್ಲವೇನೋ ಅಂದುಕೊಂಡೆ. ನೀವೇ ಆ ಮಾತನ್ನು ಇನ್ನೊಮ್ಮೆ ಓದಿ ನೋಡಿ. ಮಕ್ಕಳ ಉತ್ತರಪತ್ರಿಕೆಯಲ್ಲಿ ಒಂದು ಶಬ್ದ ಆಚೀಚೆಯಾದರೂ ಕೆಂಪು ಗೆರೆ ಎಳೆಯುವ ನಾನು ಆ ದಿನ ನನ್ನ ಮಾತನ್ನು ನಾನೇ ಕೇಳಿಸಿಕೊಳ್ಳಲಿಲ್ಲ.

ಶಹಾಬಾದದವರ ಜೊತೆ ಆಟ ಸರಿಸಮ ಆಯಿತು. ಕೊನೆಗೆ ಒಬ್ಬೊಬ್ಬರಾಗಿ ಒದ್ದು ಹೇಗೋ ಗೆದ್ದೆವು. ಹುಡುಗಿಯರು ರೊಟ್ಟಿಯ ಗಂಟು ಬಿಚ್ಚುವ ಹೊತ್ತಿಗೆ ಒಂದು ಟಂಟಂ ಆಟೋ ಧೂಳೆಬ್ಬಿಸಿಕೊಂಡು ನೇರ ಮೈದಾನದೊಳಗೇ ಬಂದು ನಿಂತಿತು. ಅದರಿಂದ ನಿಂಗಮ್ಮ ಇಳಿದಳು, ಕೈಯಲ್ಲಿ ತುಂಬಿದ ಕೈಚೀಲ. ಹಿಂದೆ ಆಯಿ ಇಳಿದಳು. ಆಯಿ ನನ್ನ ಮುಖ ನೋಡಲಿಲ್ಲ.

"ಬಾಯಿ ತೆಗೀರಿ ಟೀಚರ್" ಎಂದು ನಿಂಗಮ್ಮ ನನ್ನ ಬಾಯಿಗೆ ಒಂದು ಬೆಲ್ಲದ ಹೆಂಟೆಯನ್ನೇ ತುರುಕಿದಳು. ನಾವು ಗೆದ್ದದ್ದು ಇವರಿಗೆ ಇಷ್ಟು ಬೇಗ ಹೇಗೆ ತಿಳಿಯಿತು ಎಂದು ನನಗೆ ಸೋಜಿಗ. ಬೆಲ್ಲ ಒಂದು ದವಡೆಗೆ ತಳ್ಳಿ, "ಇನ್ನ ಒಂದು ಮ್ಯಾಚ್ ಅದರಿ" ಅಂದೆ.

"ಇನ್ನೆಲ್ಲಿ ಮ್ಯಾಚ್‌ರಿ? ಮುಗೀತು ಆಟ. ಪೋರಿನ್ನ ಕರ್ಕೊಂಡು ಹೋಗ್ತೀವಿ." ಚೀಲದಿಂದ ಒಣಕೊಬ್ಬರಿ, ಉತ್ತತ್ತಿ, ಹಸಿರು ಬಳೆ, ಹಸಿರು ಖಣ ಒಂದೊಂದಾಗಿ ಹೊರಬಂದವು. "ಹೊರಗ ಕುಂತಾಳ ಅಂತ ನೀವೇ ಹೇಳಿದ್ರಲ್ಲ. ಸ್ಪೀಕರ್ ಹಚ್ಚಿತ್ತು, ನಾನೂ ಬಾಜೂಕೇ ಇದ್ದೆ."

ಆಗ ನನಗೆ ಎಲ್ಲ ತಿಳಿಯಿತು. ಒಂದು ಕಡೆ ನಗು ಉಕ್ಕಿತು, ಇನ್ನೊಂದು ಕಡೆ ಜೀವ ಹಾರಿತು. ಅಯ್ಯೋ, ಇದು ಶಬ್ದದ ಗಲಿಬಿಲಿ, ಎರಡು ಮಾತಿನಲ್ಲಿ ಬಿಡಿಸಿ ಹೇಳಿದರೆ ಮುಗಿಯಿತು ಎಂದು ಬಾಯಿ ತೆರೆಯುವಷ್ಟರಲ್ಲಿ ಭಾಗು ಹಿಂದಿನಿಂದ ಬಂದು ನನ್ನ ಕೈ ಹಿಡಿದಳು.

"ಟೀಚರ್, ಹೇಳಿಬಿಟ್ರೇನು?" ನನಗೊಬ್ಬಳಿಗೇ ಕೇಳುವಂತೆ ಅಂದಳು. "ನಾ ಯಾರಿಗೂ ಹೇಳಿದ್ದಿಲ್ಲ. ಹ್ವಾದ ವರ್ಷ ದೀಪಾಳಿ ಮುಂದೇ ದೊಡ್ಡಾಕಿ ಆಗೀನಿ. ನಿಮಗ ಹ್ಯಾಂಗ ಗೊತ್ತಾತು?"

ನನಗೆ ಗೊತ್ತೇ ಇರಲಿಲ್ಲ. ತಿಂಗಳುಗಟ್ಟಲೆ ಈ ಹುಡುಗಿ ಯಾರಿಗೂ ಹೇಳದೆ, ಯಾವ ಕಲ್ಲಿನ ಮೇಲೂ ಕೂಡದೆ ಓಡಿದ್ದಳು. ನಾನು ಏನೂ ತಿಳಿಯದೆ ಆಡಿದ ಮಾತು ಅಕ್ಷರಶಃ ನಿಜವಾಗಿತ್ತು. ಈಗ ನಾನು ಹೇಳಬೇಕೆಂದಿದ್ದ ನಿಜ ಅರ್ಧ ಸುಳ್ಳಾಗಿತ್ತು. ಬಾಯಲ್ಲಿ ಬೆಲ್ಲ ಕರಗುತ್ತಿತ್ತು, ನುಂಗಬೇಕೋ ಉಗುಳಬೇಕೋ ತಿಳಿಯಲಿಲ್ಲ.

ನುಂಗಿದೆ. "ಅಕ್ಕಾರ, ಆ ಹೊರಗ ಅಲ್ರಿ ಇದು. ಆಟದಾಗಿನ ಹೊರಗ."

"ಹೊರಗ ಅಂದ್ರ ಹೊರಗ. ಹೆಂಗಸರಿಗಿ ಎಷ್ಟು ಹೊರಗ ಇರ್ತಾವ್ರಿ?" ನಿಂಗಮ್ಮ ನನ್ನನ್ನೇ ದಿಟ್ಟಿಸಿದಳು.

ಮೊಬೈಲು ತೆಗೆದು ಹಿಂದಿನ ದಿನದ ವಿಶ್ವಕಪ್ ಆಟದ ತುಣುಕು ಹಚ್ಚಿದೆ. "ನೋಡ್ರಿ, ಈ ಸಾಲಿನಾಗ ಇದ್ದೋರೆಲ್ಲಾ ಹೊರಗ ಕುಂತೋರು. ಇವರಿಗೆಲ್ಲಾ ಒಮ್ಮಿಗೇ ಆಗ್ತದೇನ್ರಿ?" ಅತ್ತೆಯವರಿಂದ ಕಲಿತ ಪ್ರಶ್ನೆಯನ್ನು ಅವಳಿಗೇ ತಿರುಗಿಸಿದೆ. ನಿಂಗಮ್ಮ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ತುಣುಕಿನಲ್ಲಿ ಸಾಲಿನಿಂದ ಒಬ್ಬಳು ಎದ್ದು, ಮೇಲಂಗಿ ಕಳಚಿ ಒಳಗೆ ಓಡಿದಳು.

ಆಗ ಆಯಿ ಮುಂದೆ ಬಂದಳು. "ಹೌದಲ್ಲ ನಿಂಗಿ. ಹೊರಗಿನಾಕಿ ಒಳಗ ಹೋದಳು ನೋಡು. ಆಟದ್ದೇ ಇದು. ನಮ್ಮ ಪೋರಿ ಇನ್ನ ಸಣ್ಣಾಕಿ ಅದಾಳ."

ನಿಂಗಮ್ಮ ಭಾಗುವನ್ನು ಕೇಳಿದಳು: "ಖರೇನೇನ?"

"ಭಜಿ ತಿಂದಿದ್ದೆ ಅತ್ತಿ" ಅಂದಳು ಭಾಗು.

ನಿಂಗಮ್ಮ ಬೇಸರದಿಂದ ಕೊಬ್ಬರಿ ಬಟ್ಟಲು ಚೀಲಕ್ಕೆ ಹಾಕಿದಳು. ಟಂಟಂನವನು ಇಷ್ಟು ದೂರ ಬಂದು ಆಟ ನೋಡದೆ ಹೋಗುವುದಿಲ್ಲ ಎಂದು ಹಟ ಹಿಡಿದ. ಹಾಗಾಗಿ ಎಲ್ಲರೂ ಕೂತು ಚಿಂಚೋಳಿಯವರ ಆಟ ನೋಡಿದರು. ಭಾಗು ಕೊನೆಯ ಸ್ವಲ್ಪ ಹೊತ್ತು ಒಳಗೆ ಹೋದಳು, ಒಂದು ಚೆಂಡನ್ನು ಕಂಬಕ್ಕೆ ಹೊಡೆದಳು. ನಾವು ಸೋತೆವು. ಎಷ್ಟಕ್ಕೆ ಸೋತೆವು ಎಂದು ಕೇಳಬೇಡಿ, ಆ ಹೊತ್ತಿಗೆ ನನಗೆ ನಮ್ಮ ಗೋಲ್ ಯಾವ ಕಡೆಯದು ಎಂಬುದೇ ಮರೆತಿತ್ತು. ಆದರೆ ಆ ದಿನದಷ್ಟು ಸಂತೋಷ ನನಗೆ ಖೋಖೋ ಗೆದ್ದಾಗಲೂ ಆಗಿರಲಿಲ್ಲ.

ಸಂತೋಷದ ಜೊತೆ ಅಂಜಿಕೆಯೂ ಹತ್ತಿತು. ಆಯಿಗೆ ನಾನು ಮೋಸ ಮಾಡಿದೆನೇ? ನಂಬಿ ಮೊಮ್ಮಗಳನ್ನು ಕಳಿಸಿದ ಮುದುಕಿ. ಎಂದಾದರೂ ಗೊತ್ತಾದರೆ ಯಾವ ಮುಖ ತೋರಿಸಲಿ? ತರಗತಿಯಲ್ಲಿ ಸಮಾಸ ಬಿಡಿಸುತ್ತಿದ್ದಾಗಲೂ ಇದೇ ಯೋಚನೆ.

ವಿಶ್ವಕಪ್ಪಿನ ಫೈನಲ್ ರವಿವಾರ ಇತ್ತು. ಬಜಾರಿಗೆಂದು ಸೇಡಮ್ಮಿಗೆ ಬಂದ ಆಯಿ ಭಾಗುವನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಳು. ಅತ್ತೆಯವರು "ಬರ್ರಿ, ಕುಂದ್ರಿ, ಈಗೇ ಶುರು ಆಗ್ಯಾದ" ಎಂದು ಜಾಗ ಮಾಡಿಕೊಟ್ಟರು. ಇಬ್ಬರು ಮುದುಕಿಯರೂ ಕಾಲು ಚಾಚಿ ಕೂತರು. ಅತ್ತೆಯವರು ಜಡಿಯಾಕಿ, ಗುಂಗುರಾಕಿ, ಹೊರಗ ಕುಂತವರು, ಎಲ್ಲರ ಪರಿಚಯ ಮಾಡಿಸಿದರು. ಆಟ ಮುಗಿಯಲು ಸ್ವಲ್ಪ ಇರುವಾಗ ಹೊರಗ ಕುಂತಾಕಿ ಒಬ್ಬಳು ಒಳಗೆ ಬಂದವಳೇ ಗೋಲು ಹೊಡೆದಳು. ಭಾಗು ಎಗರಿ ನಿಂತಳು. ಅಷ್ಟರಲ್ಲಿ ಬಾವುಟ ಮೇಲೆದ್ದಿತು.

"ಹೊಡದಳಲ್ಲ? ಯಾಕ ಇಲ್ಲ ಅಂತಾರ?" ಆಯಿಗೆ ಸಿಟ್ಟೇ ಬಂತು.

"ಗೆರಿ ಮ್ಯಾಲಿನಾಕಿ ಎತ್ತಿಬಿಟ್ಟಳಲ್ರೀ. ಆಕಿ ಎತ್ತದಿದ್ರ ಆಟ ನಡೀತಿತ್ತು" ಎಂದರು ಅತ್ತೆಯವರು, ಹುಟ್ಟಿದಾಗಿನಿಂದ ಇದನ್ನೇ ನೋಡಿದವರಂತೆ.

ನಾನು ಚಹಾಕ್ಕೆಂದು ಅಡಿಗೆಮನೆಗೆ ಹೋದೆ. ಹಿಂದೆಯೇ ಆಯಿ ಬಂದಳು. ಈಗ ಹೇಳಿಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿ, "ಆಯಿ, ಚಿತ್ತಾಪುರದಾಗ ನಾ..." ಎಂದು ಶುರು ಮಾಡಿದೆ.

"ಟೀಚರ್, ನಮ್ಮನ್ಯಾಗ ಅರಿವಿ ಒಗಿಯಾಕಿ ನಾನೇ ಅಲ್ರೀ?"

ಪಾತ್ರೆ ಕೈಯಲ್ಲೇ ಉಳಿಯಿತು.

"ದೀಪಾಳಿ ಮುಂದಿಂದ ಗೊತ್ತದ. ಪೋರಿ ಮುಚ್ಚಿಟ್ಟಳು, ನಾನೂ ನೋಡ್ದಂಗ ಇದ್ದೆ. ನಿಮ್ಮ ಫೋನ್ ಬಂದಾಗ ಬಾಜೂಕ ನಿಂಗಿ ಇದ್ದಳು, ಎದಿ ಧಸಕ್ ಅಂತು. ಇನ್ನ ಮುಗೀತು ಅಂತ ಸಂಗಾಟ ಬಂದೆ." ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. "ನಾ ಬಾವುಟ ಎತ್ತಿಲ್ಲ. ಓಡ್ಲಿ."

ಮೂರು ಹೆಂಗಸರು ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಮುಚ್ಚಿಕೊಂಡು ತಿರುಗಿದ್ದೆವು. ಆಯಿ ಕೈಚೀಲದಿಂದ ಆ ಹಸಿರು ಖಣ ತೆಗೆದಳು.

"ಬೇಕಾಗ್ತದ ಅಂತ ನಿಂಗಿ ನನ್ನ ಹತ್ರನೇ ಇಟ್ಟು ಹೋಗ್ಯಾಳ. ಬಂದಾಗೊಮ್ಮೆ ತೆಗೆದು ನೋಡ್ತಾಳ. ಇದು ನಿಮ್ಮ ಹತ್ರ ಇರ್ಲಿ. ಪೋರಿ ದೊಡ್ಡಾಕಿ ಆದಾಗ ಕೊಡ್ರಿ."

"ಯಾವಾಗ ಆಯಿ?"

"ನನಗೇನ್ ಗೊತ್ತು? ಆಕಿನೇ ಹೇಳ್ತಾಳ" ಅಂದಳು ಆಯಿ. 

ಖಣವನ್ನು ಮನೆಯ ಟ್ರಂಕಿನಲ್ಲಿ ಇಡಬಹುದಿತ್ತು. ನಾನು ಚೆಂಡಿನ ಚೀಲದಲ್ಲಿ ಇಟ್ಟೆ, ಯಾಕೆಂದು ನನಗೂ ಸರಿಯಾಗಿ ಗೊತ್ತಿಲ್ಲ. ಭಾಗು ಈಗ ಹತ್ತನೆಯ ತರಗತಿ, ಟೀಮಿನ ಕ್ಯಾಪ್ಟನ್ನು. ಮೊನ್ನೆ ಚೆಂಡು ತೆಗೆಯಲು ಬಂದವಳು ಚೀಲದಲ್ಲಿ ಕೈಯಾಡಿಸಿ ಖಣವನ್ನು ಹೊರಗೆ ತೆಗೆದಳು.

"ನಿಂದೇ ಅದು" ಅಂದೆ. "ಬೇಕೇನು?"

ಅವಳು ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿದಳು. ಮಡಿಕೆ ಕೆಡದಂತೆ ಖಣವನ್ನು ಮತ್ತೆ ಚೀಲದ ತಳಕ್ಕೆ ಇಟ್ಟು, ಅದರ ಮೇಲೆ ಪಂಪು ಹೇರಿದಳು.

"ಇನ್ನ ಟೈಮ್ ಅದರಿ ಟೀಚರ್" ಅಂದವಳೇ ಚೆಂಡು ಒದ್ದುಕೊಂಡು ಮೈದಾನಕ್ಕೆ ಓಡಿದಳು.